ಕೌದಿಯೊಳಗಿನ ಆಕಿ

ನನಗೆ ಹೊಟ್ಟೆಕಿಚ್ಚು ಬಹಳ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸುಲಭ. ಚಿಕ್ಕಂದಿನಲ್ಲಿ ಅಕ್ಕನ ಬಳೆ ನೋಡಿ ಹೊಟ್ಟೆ ಉರಿಸಿಕೊಂಡಿದ್ದೇನೆ, ತಂಗಿಯ ಜಡೆ ನೋಡಿ ಉರಿಸಿಕೊಂಡಿದ್ದೇನೆ. ನಮ್ಮವ್ವ ಎಮ್ಮೆಯ ಬೆನ್ನು ಎರಡು ಸಲ ಸವರಿದರೆ ಆ ಎಮ್ಮೆಯ ಮೇಲೂ ನನಗೆ ಕೋಪ ಬರುತ್ತಿತ್ತು. ಆದರೆ ಮದುವೆಯಾದ ಮೇಲೆ ಏಳು ವರ್ಷ ನಾನು ಪಟ್ಟ ಹೊಟ್ಟೆಕಿಚ್ಚಿನ ಮುಂದೆ ಅವೆಲ್ಲ ಮಕ್ಕಳಾಟ. ಅದು ನಾನು ಎಂದೂ ಕಣ್ಣಿಂದ ನೋಡದ ಒಬ್ಬಳ ಮೇಲೆ. ನಮ್ಮವರು, ಅಂದರೆ ನನ್ನ ಗಂಡ, ಆಕೆಯ ಹೆಸರು ಹೇಳುತ್ತಿರಲಿಲ್ಲ. ನಮ್ಮ ಕಡೆಯ ಮಾತಿನಲ್ಲಿ 'ಆಕಿ' ಎಂದಷ್ಟೇ ಅನ್ನುತ್ತಿದ್ದರು.

ಹೈದರಾಬಾದಿನ ಪೊಲೀಸ್ ಆಕ್ಷನ್ ಮುಗಿದ ಮುಂದಿನ ಬೇಸಿಗೆಯಲ್ಲಿ ನನ್ನ ಮದುವೆಯಾಯಿತು. ತವರು ಚಿಂಚೋಳಿಯಿಂದ ಆಚೆ, ಅರ್ಧ ತೆಲುಗು ಬೆರೆತ ಸಣ್ಣ ಊರು. ಕೊಟ್ಟದ್ದು ಸೇಡಂಗೆ. ವರನ ಬಗ್ಗೆ ಅಪ್ಪನಿಗೆ ತಿಳಿದದ್ದು ಎರಡೇ ಸಂಗತಿ. ಸೇಡಂನಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಾನೆ. ಜರ್ಮನಿಯ ಲಡಾಯಿಯ ಕಾಲಕ್ಕೆ ಜಹಾಜದಲ್ಲಿದ್ದ. ಜಹಾಜ ಅಂದರೆ ನಮ್ಮೂರಲ್ಲಿ ಆಕಾಶದಲ್ಲಿ ಹೋಗುವ ಜಹಾಜವೇ. ಬೇರೆ ಜಹಾಜವನ್ನು ನಾವು ಕಂಡವರಲ್ಲ, ಕೇಳಿದವರಲ್ಲ. ಮದುವೆಯ ಊಟದ ಪಂಕ್ತಿಯಲ್ಲಿ ನಮ್ಮ ದೊಡ್ಡಪ್ಪ ಅಳಿಯನನ್ನು ಕೇಳಿಯೇಬಿಟ್ಟರು.

"ಮ್ಯಾಲಿಂದ ನೋಡಿದ್ರ ನಮ್ಮ ಹೊಲ ಎಷ್ಟು ಕಾಣಸ್ತಾವ್ರಿ?"

"ನಾ ಮ್ಯಾಲ ಇರ್ಲಿಲ್ರಿ. ಕೆಳಗಿದ್ದೆ," ಅಂದರು ನಮ್ಮವರು, ಹೋಳಿಗೆ ಮುರಿಯುತ್ತ.

ಹುಡುಗ ಏನೋ ನಾಚಿಕೆಯವನು ಎಂದು ಎಲ್ಲರೂ ಮೆಚ್ಚಿದರು. ನಾನೂ ಮೆಚ್ಚಿದೆ. ಜಹಾಜ ಹಾರಿಸುವವರಿಗೆ ಕೆಳಗಿನಿಂದ ಸಾಮಾನು ಎತ್ತಿಕೊಡುತ್ತಿದ್ದಿರಬೇಕು ಎಂದುಕೊಂಡೆ.

ಮನೆ ತುಂಬಿಸಿಕೊಂಡ ದಿನ ಅತ್ತೆ ನನ್ನ ಹೆಸರು ಬದಲಿಸಿದರು. ನಮ್ಮಲ್ಲಿ ಅದು ನಡೆದುಬಂದ ಪದ್ಧತಿ. ಸೊಸೆ ಹೊಸಿಲು ದಾಟಿದಳೆಂದರೆ ತವರಿನ ಹೆಸರು ತವರಿಗೇ ಹೋಗಬೇಕು. ತೀರಿಹೋಗಿದ್ದ ತಮ್ಮದೇ ಅತ್ತೆಯ ಹೆಸರು ಮನೆಯಲ್ಲಿ ಮತ್ತೆ ಕೇಳಬೇಕೆಂದು ನಮ್ಮತ್ತೆಯ ಆಸೆ, ಅದನ್ನೇ ನನಗೆ ಇಟ್ಟರು. ಮೊದಲ ತಿಂಗಳು ಯಾರಾದರೂ ಆ ಹೆಸರು ಹಿಡಿದು ಕರೆದರೆ ನಾನು ಹಿಂದೆ ತಿರುಗಿ ನೋಡುತ್ತಿದ್ದೆ, ಯಾರು ಬಂದರೋ ಎಂದು. ಹೊಸ ಸೊಸೆಗೆ ಕಿವಿ ಮಂದ ಎಂದು ಓಣಿಯಲ್ಲಿ ಸುದ್ದಿಯಾಯಿತು.

ಒಂದು ಮಧ್ಯಾಹ್ನ ಬಚ್ಚಲ ಹತ್ತಿರ ಟವೆಲ್ ಕೊಡಲು ಹೋದಾಗ ನಮ್ಮವರು ಕೇಳಿದರು, "ನಿನ್ನ ಮೊದಲಿನ ಹೆಸರೇನು?"

ಹೇಳಿದೆ. ಅವರು ಅದನ್ನು ಬಾಯಲ್ಲಿ ಒಂದು ಸಲ ಅಂದು ನೋಡಿದರು.

"ಚಂದ ಅದ. ಬದಲಿಸೂದು ಯಾಕ ಬೇಕಾಗಿತ್ತೋ," ಅಂದು ಮುಖ ಒರೆಸಿಕೊಂಡು ಕೆಲಸಕ್ಕೆ ಹೋದರು. ಆ ಮಾತು ಅಲ್ಲಿಗೆ ಮುಗಿಯಿತು ಎಂದೇ ನಾನು ತಿಳಿದಿದ್ದೆ.

ಆಗಿನ ಮನೆಗಳಲ್ಲಿ ಗಂಡ ಹೆಂಡತಿ ಹಿರಿಯರ ಎದುರು ಮಾತಾಡುವ ಹಾಗಿರಲಿಲ್ಲ. ಅತ್ತೆಯವರಂತೂ ಮನೆ ಬಿಟ್ಟು ಕದಲುವವರೇ ಅಲ್ಲ. ಹಾಗಾಗಿ ಇಂಥ ಎರಡು ಮಾತು ಬಿಟ್ಟರೆ ನನ್ನ ಗಂಡನ ಮಾತು ನಾನು ಕೇಳಿದ್ದೆಲ್ಲ ಬಾಗಿಲ ಮರೆಯಿಂದ, ಅವರು ಬೇರೆಯವರ ಜೊತೆ ಆಡುವಾಗ. ಜಿನ್ನಿನ ಫಿಟ್ಟರ್ ಸಾಬರು ನಮ್ಮ ಓಣಿಯವರೇ. ಸಂಜೆ ಕಟ್ಟೆಯ ಮೇಲೆ ಇಬ್ಬರೂ ಕೂತು ಚಹಾ ಕುಡಿಯುತ್ತಿದ್ದರು. ಒಳಗೆ ನಾನು ರೊಟ್ಟಿಯನ್ನು ಮೆಲ್ಲಗೆ ತಟ್ಟಲು ಕಲಿತೆ. ರೊಟ್ಟಿ ಬಡಿಯುವ ಸಪ್ಪಳದಲ್ಲಿ ಮಾತು ತಪ್ಪಿಹೋಗಬಾರದಲ್ಲ.

ನಮ್ಮವರಿಗೆ ಒಂದು ವಿಚಿತ್ರ ಚಟ. ಭಾನುವಾರ ಮುಂಜಾನೆ ಪಡಸಾಲೆಯ ನೆಲಕ್ಕೆ ಹಾಸಿದ ಪರ್ಸಿ ಕಲ್ಲುಗಳನ್ನು ತಾವೇ ಮೊಣಕಾಲೂರಿ ತಿಕ್ಕುತ್ತಿದ್ದರು. ಮರಳು, ತೆಂಗಿನ ನಾರು, ಎರಡು ಕೊಡ ನೀರು. ಶಹಾಬಾದಿನ ಕಲ್ಲು, ಎಷ್ಟು ತಿಕ್ಕಿದರೂ ಬೂದಿ ಬಣ್ಣವೇ. ಅತ್ತೆ ಹಣೆ ಹಣೆ ಬಡಿದುಕೊಂಡರೂ ಬಿಡರು. ನನಗೆ ಒಳಗೊಳಗೇ ಹೆಮ್ಮೆ: ಹೆಂಡತಿಯ ಕೆಲಸ ಹಗುರಾಗಲೆಂದು ಮಾಡುತ್ತಾರೆ ಎಂದು. ಆ ಹೆಮ್ಮೆ ಒಂದು ಸಂಜೆಗೆ ಮಣ್ಣುಗೂಡಿತು. ಸಾಬರು ಅದನ್ನೇ ತಮಾಷೆ ಮಾಡಿದಾಗ ನಮ್ಮವರು ಅಂದದ್ದು ಹೀಗೆ:

"ರೂಢಿ ಆಗ್ಯಾದ, ಸಾಬ್. ದಿನಾ ಮುಂಜಾನಿ ಆಕೀಗಿ ಜಳಕ ಮಾಡಸ್ಬೇಕಾಗತಿತ್ತು. ಆಕಿ ಥಳಥಳ ಅನ್ಲಿಲ್ಲಂದ್ರ ದೊಡ್ಡ ಸಾಹೇಬರು ಸುಮ್ಮನಿರ್ತಿರ್ಲಿಲ್ಲ."

ಕೈಯೊಳಗಿನ ಹಿಟ್ಟು ಹಾಗೇ ಉಳಿಯಿತು. ಯಾರಿಗೆ ಜಳಕ? ಯಾವಳಿಗೆ? ಒಬ್ಬಳಿಗೆ ದಿನಾ ಸ್ನಾನ ಮಾಡಿಸಿದ ಕೈಯಿಂದ ಈ ಮನುಷ್ಯ ನನಗೆ ತಾಳಿ ಕಟ್ಟಿದ್ದಾನೆ ಎಂದು ತಲೆಗೆ ಹೊಳೆದ ಕೂಡಲೇ ಹೆಂಚಿನ ಮೇಲಿನ ರೊಟ್ಟಿ ಕರಕಾಯಿತು. ಅವತ್ತು ಅದನ್ನೇ ಅವರ ತಾಟಿಗೆ ಹಾಕಿದೆ. ಅವರು ಚೂರೂ ಬಿಡದೆ ತಿಂದರು.

ಅಲ್ಲಿಂದ ನನ್ನ ಕಿವಿ ಅದೊಂದೇ ಮಾತಿಗೆ ಕಾಯತೊಡಗಿತು. ಆಕಿ ಸಿಟ್ಟಿಗೆದ್ದರೆ ಮೈಯೆಲ್ಲ ನಡುಗುತ್ತಿತ್ತಂತೆ. ಆಕಿಯ ಓಟದ ಮುಂದೆ ಯಾರೂ ಇಲ್ಲವಂತೆ. ಆಕಿ ತೆಳ್ಳಗೆ, ಉದ್ದಕ್ಕೆ. ಆ ಮಾತು ಕೇಳಿದ ದಿನ ನಾನು ಬಾವಿಯ ನೀರಲ್ಲಿ ನನ್ನ ಮೈ ನೋಡಿಕೊಂಡೆ. ನಾನು ಗಿಡ್ಡ, ಸ್ವಲ್ಪ ದಪ್ಪ. ಓಡುವುದಂತೂ ಮದುವೆಯಾದ ಮೇಲೆ ಬಿಟ್ಟೇಹೋಗಿತ್ತು.

ಇನ್ನೊಂದು ಅನುಮಾನ ವಾಡಿಯದು. ತಿಂಗಳಿಗೆ ಎರಡು ಭಾನುವಾರ, ಕಲ್ಲು ತಿಕ್ಕುವುದು ಮುಗಿಸಿ, ಗಡ್ಡ ಹೆರೆದು, ಇಸ್ತ್ರಿ ಅಂಗಿ ಹಾಕಿ ನಮ್ಮವರು ರೈಲು ಹತ್ತಿ ವಾಡಿಗೆ ಹೋಗುತ್ತಿದ್ದರು. ಅಲ್ಲಿ ಬೊಂಬಾಯಿ ಗಾಡಿ ನಿಲ್ಲುತ್ತದೆ, ಅದರಲ್ಲಿ ಹಳೆಯ ಜೊತೆಗಾರನೊಬ್ಬ ಅಡುಗೆ ಬೋಗಿಯಲ್ಲಿ ಕೆಲಸಕ್ಕಿದ್ದಾನೆ, ಹತ್ತು ನಿಮಿಷ ಮಾತಾಡಿ ಬರುತ್ತೇನೆ ಎಂದು ಅತ್ತೆಗೆ ಹೇಳುತ್ತಿದ್ದರು. ಹತ್ತು ನಿಮಿಷದ ಮಾತಿಗೆ ಇಸ್ತ್ರಿ ಅಂಗಿ ಯಾಕೆ ಎಂದು ಅತ್ತೆ ಕೇಳಲಿಲ್ಲ. ನಾನು ಕೇಳುವ ಹಾಗಿರಲಿಲ್ಲ.

ಅಂಥ ಒಂದು ಭಾನುವಾರ ವಾಡಿಯಿಂದ ಬಂದವರೇ ಕಾಲು ತೊಳೆಯದೆ ಕಟ್ಟೆಯಲ್ಲಿ ಸಾಬರ ಪಕ್ಕ ಕೂತರು. ದನಿ ಬೇರೆಯಾಗಿತ್ತು.

"ಆಕಿ ಬೊಂಬಾಯಿಗಿ ಬಂದಾಳಂತ, ಸಾಬ್. ನಮ್ಮವರೇ ತಂದ್ಕೊಂಡಾರ. ಹೊಸಾ ಹೆಸರಿಟ್ಟಾರ."

"ಹಳೇ ಮಾಲಕರು ಬಿಟ್ಟುಕೊಟ್ರೇನು?"

"ಲಡಾಯಿ ಮುಗೀತಲಾ. ಅವರಿಗಿ ಇನ್ನ ಯಾಕ ಬೇಕು ಆಕಿ."

"ಕರದ್ರ ಹೋಗ್ತೀಯೇನು?"

ಬಾಗಿಲ ಹಿಂದೆ ನಾನು ಕಿವಿ ಹಚ್ಚಿ ನಿಂತಿದ್ದೆ.

"ಕರದ್ರ ಹ್ಯಾಂಗ ಬಿಡ್ಲಿ? ಮೂರು ವರ್ಷ ಆಕಿನ್ನ ನಂಬಿ ಜೀವ ಹಿಡದೀನಿ."

ನನಗೆ ಎಲ್ಲ ಸ್ಪಷ್ಟವಾಯಿತು. ಹೊಸ ಹೆಸರಿಟ್ಟರೆಂದರೆ ಏನರ್ಥ? ನಮ್ಮಲ್ಲಿ ಹೆಂಗಸಿಗೆ ಎರಡನೇ ಹೆಸರು ಬರುವುದು ಒಂದೇ ಕಾರಣಕ್ಕೆ. ಗೋರಾ ಸಾಹೇಬ ಇಟ್ಟುಕೊಂಡಿದ್ದವಳು, ಲಡಾಯಿ ಮುಗಿದ ಮೇಲೆ ಬಿಟ್ಟಿದ್ದಾನೆ, ಬೊಂಬಾಯಿಯಲ್ಲಿ ನಮ್ಮ ಪೈಕಿ ಯಾರದೋ ಮನೆ ತುಂಬಿದ್ದಾಳೆ. ಮನೆ ತುಂಬಿಯೂ ನನ್ನ ಗಂಡನನ್ನು ಕರೆಯುವವಳು ಎಂಥ ನಾಚಿಕೆಗೇಡಿ ಇರಬೇಕು ಎಂದು ಆಕೆಗೆ ಮನಸ್ಸಿನಲ್ಲೇ ಸಹಸ್ರನಾಮ ಮಾಡಿದೆ.

ಎರಡು ತಿಂಗಳಿಗೆ ಕರೆ ಬಂದೇಬಿಟ್ಟಿತು.

ಅವತ್ತು ನಮ್ಮವರು ವಾಡಿಗೆ ಹೋಗಿದ್ದರು. ಅತ್ತೆ ಪಕ್ಕದ ಮನೆಯಲ್ಲಿ ಶಾವಿಗೆ ಹೊಸೆಯಲು ಕೂತಿದ್ದರು. ಟಪಾಲಿನವನು ಹಿಂದಿನ ದಿನ ಉಳಿದದ್ದೆಂದು ಒಂದು ಉದ್ದನೆಯ ಕಂದು ಲಕೋಟೆ ತಂದುಕೊಟ್ಟ.

"ಬೊಂಬಾಯಿದು, ಬಾಯಿ. ಇಂಗ್ಲಿಷಿನಾಗ ಅದ. ನಮ್ಮ ಕಡಿ ಓದೋರು ಕಮ್ಮಿ," ಅಂದು ಹೋದ.

ನಾನು ಮಠದ ಅಯ್ಯನವರ ಹತ್ತಿರ ಕನ್ನಡ ಓದು ಬರಹ ಕಲಿತವಳು. ಊರಿನ ಕಚೇರಿಯವರಿಗೆಲ್ಲ ಉರ್ದು ಬರುತ್ತಿತ್ತು. ಇಂಗ್ಲಿಷ್ ಯಾರಿಗೆ ಬರುತ್ತಿತ್ತು? ಲಕೋಟೆಯ ಮೇಲೆ ಮೂರು ಸಿಂಹದ ಅಚ್ಚು. ಆಕೆ ಸೇರಿದ ಮನೆ ಭಾರೀ ಮನೆಯೇ ಇರಬೇಕು, ಕಾಗದದ ಮೇಲೂ ಅಚ್ಚು ಹೊಡೆಸುತ್ತಾರೆ ಎಂದುಕೊಂಡೆ. ತೆಳ್ಳಗೆ, ಉದ್ದಕ್ಕೆ, ಥಳಥಳ, ಮೇಲೆ ಇಂಗ್ಲಿಷ್ ಬೇರೆ. ಒಲೆಯ ಮುಂದೆ ಕೂತು ಲಕೋಟೆಯನ್ನು ಬೆಂಕಿಯ ಹತ್ತಿರ ಒಯ್ದೆ. ಆದರೆ ಸುಟ್ಟರೆ ಅದರಲ್ಲಿ ಏನಿತ್ತೆಂದು ಮುಂದೆ ಎಂದೂ ತಿಳಿಯುವುದಿಲ್ಲ. ನನ್ನಂಥ ಹೊಟ್ಟೆಕಿಚ್ಚಿನವಳಿಗೆ ಅದು ಸಹಿಸುವ ಮಾತಲ್ಲ.

ಮುಂದಿನ ಚಳಿಗಾಲಕ್ಕೆಂದು ನಾನೊಂದು ಕೌದಿ ಹೊಲಿಯುತ್ತಿದ್ದೆ. ಹಳೆಯ ಸೀರೆ, ಧೋತರದ ತುಂಡುಗಳನ್ನು ಪದರ ಪದರ ಹಾಸಿ ದಾರ ಎಳೆದು ಮಾಡುವ ಹೊದಿಕೆ. ಕೌದಿಯ ಹೊಟ್ಟೆ ಖಾಲಿ ಬಿಡಬಾರದು ಎಂದು ನಮ್ಮವ್ವ ಕಲಿಸಿದ್ದಳು. ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿಯನ್ನೋ ನಾಲ್ಕು ಕಾಳು ಜೋಳವನ್ನೋ ಇಡಬೇಕು, ಹಸಿದ ಕೌದಿ ಹೊದ್ದವರ ಹೊಟ್ಟೆ ತುಂಬುವುದಿಲ್ಲ. ನನ್ನ ಕೌದಿಯ ಒಂದು ಮೂಲೆ ಮಾತ್ರ ಬಾಕಿಯಿತ್ತು. ನಾನು ಲಕೋಟೆಯನ್ನು ಒಡೆಯದೆ, ಹಾಗೇ ಎರಡು ಮಡಿಕೆ ಮಾಡಿ ಅದರೊಳಗಿಟ್ಟೆ. ಮೇಲೆ ನಮ್ಮವ್ವನ ಹಸಿರು ಸೀರೆಯ ತುಂಡು ಹಾಕಿ ಒತ್ತೊತ್ತಾಗಿ ಹೊಲಿದೆ. ಅತ್ತೆ ಶಾವಿಗೆ ಮುಗಿಸಿ ಬರುವ ಹೊತ್ತಿಗೆ ಗಂಟು ಹಾಕಿ ದಾರ ಹರಿದಿದ್ದೆ.

ಅದೇ ತಿಂಗಳು ಆ ಟಪಾಲಿನವನಿಗೆ ನಾಲವಾರಕ್ಕೆ ವರ್ಗವಾಯಿತು. ದೇವರು ನನ್ನ ಕಡೆಗಿದ್ದಾನೆ ಎಂದು ಮಠಕ್ಕೆ ಹೋಗಿ ಕಾಯಿ ಒಡೆಸಿ ಬಂದೆ.

ನಮ್ಮವರು ಟಪಾಲಿನ ಹೊತ್ತಿಗೆ ಕಟ್ಟೆಗೆ ಬಂದು ಕೂರತೊಡಗಿದರು. ಏನೂ ಕೇಳರು, ಸುಮ್ಮನೆ ಕೂರುವರು. ಹೊಸ ಟಪಾಲಿನವನು ನಮ್ಮ ಮನೆ ದಾಟಿ ಹೋದರೆ ಒಳಗೆ ಬಂದು ನೀರು ಕುಡಿಯುವರು. ಮೊದಲ ವಾರ ನನಗೆ ಅದನ್ನು ನೋಡಿ ಖುಷಿ. ಮೂರನೇ ವಾರ ಮಾತ್ರ ಆ ಖುಷಿ ಕೆಟ್ಟಿತು. ಒಬ್ಬಳಿಗಾಗಿ ಇಷ್ಟೊಂದು ಕಾಯುವುದೇ? ನಾನು ತವರಿಗೆ ಹೋಗಿ ಹದಿನೈದು ದಿನ ಇದ್ದು ಬಂದಾಗ ಈ ಮನುಷ್ಯ ಒಂದು ದಿನ ಕಟ್ಟೆಗೆ ಬಂದು ಕೂತಿದ್ದರೇ? ಅತ್ತೆಯನ್ನೇ ಕೇಳಿದೆ. ಇಲ್ಲ ಅಂದರು.

ಅಪರೂಪಕ್ಕೆ ಅತ್ತೆ ಆಡಕಿ ಊರಲ್ಲಿದ್ದ ಮಗಳ ಮನೆಗೆ ಹೋದ ದಿನ ನನಗೆ ತಡೆಯಲಾಗಲಿಲ್ಲ. ನಮ್ಮವರು ಊಟಕ್ಕೆ ಬಂದು ಕೂತಿದ್ದರು. ತಾಟು ಕೆಳಗಿಡದೆ ಕೈಯಲ್ಲೇ ಹಿಡಿದು ನಿಂತೆ.

"ಆಕಿ ಯಾರು ಹೇಳ್ರಿ. ಹೇಳಿದ ಮ್ಯಾಲ ಊಟ."

"ಯಾವಾಕಿ?"

"ಬೊಂಬಾಯಿದಾಕಿ. ನೀವು ದಿನಾ ಜಳಕ ಮಾಡ್ಸಿದಾಕಿ. ಹೊಸಾ ಹೆಸರಿಟ್ಕೊಂಡಾಕಿ. ನನಗೇನು ಕಿವಿ ಇಲ್ಲೇನ್ರಿ?"

ನಮ್ಮವರು ನನ್ನ ಮುಖ ನೋಡಿದರು. ಆಮೇಲೆ ನಗತೊಡಗಿದರು. ನಗುವ ಜಾತಿಯವರಲ್ಲ, ಅವರ ಹಲ್ಲಿನ ಸಾಲು ನಾನು ಸರಿಯಾಗಿ ನೋಡಿದ್ದೇ ಅವತ್ತು. ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

"ಹುಚ್ಚಿ, ಆಕಿ ಅಂದ್ರ ಜಹಾಜ."

"ಜಹಾಜಕ್ಕ ಯಾರರೆ ಆಕಿ ಅಂತಾರೇನು?"

"ನೀರಿನ ಮ್ಯಾಲಿನವರು ಹಂಗೇ ಅಂತಾರ. ಗೋರಾ ಸಾಹೇಬರು ಅಂತಿದ್ರು, ಕೇಳಿ ಕೇಳಿ ನಮಗೂ ಬಂತು. ಎಷ್ಟು ವರ್ಷ ಆದ್ರೂ ಬಾಯಿಗಿ 'ಅದು' ಅಂತ ಬರೂದಿಲ್ಲ ನೋಡು."

ನೀರಿನ ಮೇಲೂ ಜಹಾಜ ಹೋಗುತ್ತದೆ ಎಂದು ನನಗೆ ತಿಳಿದದ್ದು ಅವತ್ತೇ. ಅವರು ಎದ್ದು ರಂಗೋಲಿ ಹಿಟ್ಟು ತಂದು ಪರ್ಸಿಯ ಮೇಲೆ ಆಕಿಯನ್ನು ಬರೆದು ತೋರಿಸಿದರು. ಉದ್ದಕ್ಕೆ, ತೆಳ್ಳಗೆ. ಡೆಸ್ಟ್ರಾಯರ್ ಅಂತಾರೆ, ಸಾಮಾನಿನ ದೊಡ್ಡ ಜಹಾಜಗಳ ಸುತ್ತ ಕಾವಲು ಓಡುವುದು ಆಕಿಯ ಕೆಲಸ, ನೀರೊಳಗೆ ಅಡಗಿ ಬರುವ ವೈರಿಗಳನ್ನು ಹಿಡಿಯಬೇಕು. ನಮ್ಮವರಿದ್ದದ್ದು ತೀರ ಕೆಳಗೆ, ಬಾಯ್ಲರಿನ ಮುಂದೆ. ಕಲ್ಲಿದ್ದಲಲ್ಲ, ಎಣ್ಣೆಯ ಬೆಂಕಿ. ಸಣ್ಣ ಗಾಜಿನ ಕಿಂಡಿಯಿಂದ ಬೆಂಕಿಯ ಬಣ್ಣ ನೋಡಿ ಎಣ್ಣೆ ಹೆಚ್ಚು ಕಡಿಮೆ ಮಾಡಬೇಕು. ಮೂರು ವರ್ಷ ಸಮುದ್ರದಲ್ಲಿದ್ದೂ ಸಮುದ್ರ ಕಂಡದ್ದು ಕಡಿಮೆ. ಆಕಿ ತಿರುಗಿದಳೋ, ಓಡಿದಳೋ, ನಿಂತಳೋ ಎಲ್ಲವೂ ಅಂಗಾಲಿಗೆ ತಿಳಿಯುತ್ತಿತ್ತು ಅಂದರು. ಜಿನ್ನಿನ ಎಂಜಿನ್ ಮನೆಯಲ್ಲಿ ಅವರು ಚಪ್ಪಲಿ ಬಿಟ್ಟು ನಿಲ್ಲುವುದನ್ನು ಕಂಡು ಜನ ನಗುತ್ತಿದ್ದರು. ಕಾರಣ ಇದು.

ಆಮೇಲೆ ಒಂದು ಮುಂಜಾನೆಯ ಸಂಗತಿ ಹೇಳಿದರು. ಕಾವಲಿದ್ದ ಸಾಮಾನಿನ ಜಹಾಜಕ್ಕೆ ಏಟು ಬಿತ್ತು. ಜನ ನೀರಿಗೆ ಹಾರಿದರು. ಅದೇ ಹೊತ್ತಿಗೆ ಕೆಳಗೆ ಗಂಟೆ ಹೊಡೆಯಿತು: ಪೂರಾ ಓಟ. ಹೊಡೆದ ವೈರಿಯನ್ನು ಬೆನ್ನು ಹತ್ತಬೇಕು, ಮುಳುಗುವವರಿಗಾಗಿ ನಿಂತರೆ ಇನ್ನೊಂದು ಜಹಾಜ ಹೋಗುತ್ತದೆ. ಇವರು ಬೆಂಕಿಗೆ ಎಣ್ಣೆ ಬಿಟ್ಟರು.

"ಆಕಿ ಆ ಮಂದಿನ್ನ ಬಿಟ್ಟು ಓಡಾಕತ್ತಾಳ ಅಂತ ಕಾಲಿಗಿ ಗೊತ್ತಾಗಾಕತ್ತಿತ್ತು. ಓಡ್ಸೋ ಕೈ ನಂದೇ. ಇನ್ನ ಬರೂದಿಲ್ಲ ಆಕಿ, ಅನಕೊಂಡೆ. ಎರಡು ತಾಸಿಗಿ ಬಂದ್ಳು ನೋಡು. ತಿರುಗಿ ಬಂದ್ಳು."

ಇವರ ಪಾಳಿ ಮುಗಿದಿತ್ತು. ಮೇಲೆ ಹೋಗಿ ಹಗ್ಗ ಎಳೆದರು. ನೀರಲ್ಲಿದ್ದವರ ಮೈಗೆಲ್ಲ ಕರಿ ಎಣ್ಣೆ. ಗೋರಾ ಯಾರು, ನಮ್ಮವ ಯಾರು ಗುರುತಿಲ್ಲ. ಒಬ್ಬ ಕೊಂಕಣಿಯಲ್ಲಿ ತಾಯಿಯನ್ನು ಕರೆಯುತ್ತಿದ್ದ. ಅವನ ಮಣಿಕಟ್ಟು ಇವರ ಕೈಗೆ ಸಿಕ್ಕಿತ್ತು. ಎಣ್ಣೆಗೆ ಜಾರಿತು. ಉಳಿದವರನ್ನು ಮೇಲೆ ತಂದರು. ಮೂರು ದಿನ ಎಲ್ಲರೂ ಮೊಣಕಾಲೂರಿ ಆಕಿಯ ಮೈಮೇಲಿನ ಎಣ್ಣೆ ತಿಕ್ಕಿದರು.

ಹೇಳಿ ಮುಗಿಸಿ ರಂಗೋಲಿಯ ಜಹಾಜವನ್ನು ಅಂಗೈಯಿಂದ ಒರೆಸಿದರು. ಊಟ ಆರಿಹೋಗಿತ್ತು.

ಸತ್ತವರಿಗಾಗಿ ನನಗೆ ಮರುಕ ಬಂತು, ಇಲ್ಲವೆನ್ನುವುದಿಲ್ಲ. ನನ್ನ ಗಂಡನ ಕೈಯನ್ನು ಹಿಡಿದುಕೊಳ್ಳಬೇಕು ಎಂದೂ ಅನ್ನಿಸಿತು. ಆದರೆ ಅದರ ಬೆನ್ನಿಗೇ ಹಳೆಯ ಉರಿ ಎದ್ದಿತು. ಮದುವೆಯಾಗಿ ವರ್ಷ ಮೀರಿತ್ತು. ಅವರು ನನ್ನೊಂದಿಗೆ ಇಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು, ಆಡಿದ ಮಾತೆಲ್ಲ ಆಕಿಯದು. ಆಕಿ ಹೆಂಗಸಾಗಿದ್ದರೆ ಎಂದಾದರೊಂದು ದಿನ ಬೊಂಬಾಯಿಗೆ ಹೋಗಿ ಜುಟ್ಟು ಹಿಡಿದು ಕೇಳಬಹುದಿತ್ತು. ಮುಪ್ಪಾದಳೆಂದು ಸಮಾಧಾನ ಪಡಬಹುದಿತ್ತು. ಇಂಥವಳ ಜೊತೆ ನಾನು ಎಲ್ಲಿಂದ ಜಗಳ ತೆಗೆಯಲಿ?

"ಅರ್ಜಿ ಹಾಕೀನಿ," ಅಂದರು ರಂಗೋಲಿ ಹತ್ತಿದ ಕೈ ತೊಳೆಯುತ್ತ. "ಆಕಿನ್ನ ಈಗ ನಮ್ಮ ಸರಕಾರ ಕೊಂಡದ. ಆಕಿ ಗುಣ ಬಲ್ಲವರು ಬೇಕಾಗಿರ್ತಾರ. ಜವಾಬ ಇನ್ನಾ ಬಂದಿಲ್ಲ."

ಜವಾಬು ಅವರ ಬೆನ್ನ ಹಿಂದೆ ಇತ್ತು. ಗೋಡೆಗೂ ಅವರಿಗೂ ನಡುವೆ ಮಡಿಸಿಟ್ಟ ಕೌದಿಯಿತ್ತು, ನಗುವಾಗ ಒರಗಿದ್ದು ಅದಕ್ಕೇ. ಒಂದು ದಾರ ಹರಿದರೆ ಸಾಕಿತ್ತು, ಕಾಗದ ಕೈಗೆ ಬರುತ್ತಿತ್ತು. ಅದರಲ್ಲಿ ಏನಿದೆ ಎಂದು ಈಗ ನನಗೆ ಗೊತ್ತಿತ್ತು: ಬಾ ಎಂದಿರುತ್ತದೆ. ಬಾ ಎಂದರೆ ಇವರು ಹೋಗುತ್ತಾರೆ. ನಾನು ಅತ್ತೆಯ ಸೊಸೆಯಾಗಿ, ಅತ್ತೆ ಇಟ್ಟ ಹೆಸರಿನಲ್ಲಿ ಈ ಪರ್ಸಿಯ ಮೇಲೆ ಉಳಿಯುತ್ತೇನೆ. ನಾನು ತಾಟು ಎತ್ತಿಕೊಂಡು ಒಳಗೆ ಹೋದೆ.

ಆ ಬೇಸಿಗೆ ಕಳೆಯಿತು, ಮಳೆಗಾಲ ಬಂತು. ಒಂದು ಸಂಜೆ ಸಾಬರಿಗೆ ನಮ್ಮವರು ಹೇಳುವುದು ಕೇಳಿಸಿತು: "ಆಕೀಗಿ ನಾ ಬ್ಯಾಡಾದೆ, ಸಾಬ್. ಹೋಗ್ಲಿ ಬಿಡು." ಮುಂದಿನ ಭಾನುವಾರ ವಾಡಿಗೆ ಹೋಗಲಿಲ್ಲ. ಅದರ ಮುಂದಿನ ಭಾನುವಾರ ಕಲ್ಲು ತಿಕ್ಕಲಿಲ್ಲ. ನಾರು ಒಣಗಿ ಬಚ್ಚಲ ಮೂಲೆಯಲ್ಲಿ ಬಿದ್ದಿತ್ತು, ಅತ್ತೆ ಒಲೆಗೆ ಹಾಕಿದರು.

ನಾನು ಗೆದ್ದಿದ್ದೆ. ಗಂಡ ಮನೆಯಲ್ಲಿದ್ದ, ಮಗಳು ಹುಟ್ಟಿದಳು, ಜಿನ್ನಿನಲ್ಲಿ ಅವರಿಗೆ ಮೇಲಿನ ಕೆಲಸವಾಯಿತು. ಆಕಿ ಎಂಬ ಮಾತು ನಮ್ಮ ಕಟ್ಟೆಯ ಮೇಲೆ ಮತ್ತೆ ಕೇಳಲಿಲ್ಲ. ಕೇಳದಿದ್ದರೆ ಉರಿ ತಣ್ಣಗಾಗಬೇಕಲ್ಲವೇ? ಆಗಲಿಲ್ಲ. ಅವರು ಸುಮ್ಮನೆ ಕೂತರೆ ಆಕಿಯನ್ನೇ ನೆನೆಯುತ್ತಿದ್ದಾರೆ ಎಂದು ಉರಿಯುತ್ತಿದ್ದೆ. ಮಗಳನ್ನು ಎತ್ತಿ ಆಡಿಸಿದರೆ, ಆಕಿಯನ್ನು ಮರೆತರು ಎಂದು ಸಮಾಧಾನ. ಮಗಳ ಕಾಲು ತೊಳೆಯುವಾಗ ಮೈಮರೆತು ತಿಕ್ಕುತ್ತ ಕೂತರೆ ಮತ್ತೆ ಉರಿ. ಕೌದಿಯ ಕತೆ ಬೇರೆ. ಕಾಗದ ನೆನೆದೀತೆಂದು ಅದನ್ನು ಒಗೆಯಲು ಕೊಡುತ್ತಿರಲಿಲ್ಲ. ಓಣಿಯವರೆಲ್ಲ ಯುಗಾದಿಗೆ ಕೌದಿ ಹೊತ್ತು ಹಳ್ಳಕ್ಕೆ ಹೋದರೆ ನಾನು ಬಿಸಿಲಿಗೆ ಒಣಹಾಕಿ ಕೋಲಿನಿಂದ ಬಡಿಯುತ್ತಿದ್ದೆ. "ನಿನ್ನ ಕೌದಿ ಏನು ನೀರು ಮುಟ್ಟಬಾರದಂತ ವ್ರತ ಹಿಡದದೇನವಾ?" ಎಂದು ಕೇಳದವರಿಲ್ಲ. ನಮ್ಮವರು ಆರು ವರ್ಷ ಅದನ್ನೇ ಹೊದ್ದರು.

ಹೈದರಾಬಾದ್ ರಾಜ್ಯ ಒಡೆದು ನಮ್ಮ ಕಡೆ ಮೈಸೂರಿಗೆ ಸೇರಿದ ವರ್ಷ ಅವರಿಗೆ ಶಹಾಬಾದಿನ ಒಂದು ಕಾರ್ಖಾನೆಯಲ್ಲಿ ಬಾಯ್ಲರಿನ ಕೆಲಸ ಸಿಕ್ಕಿತು. ಮನೆ ಖಾಲಿ ಮಾಡಬೇಕು. ಗಂಟು ಕಟ್ಟುತ್ತಿದ್ದಾಗ ಅತ್ತೆ ನನ್ನನ್ನು ಕೇಳದೆ ಕೌದಿಯನ್ನು ಎಳೆದು ಒಗೆಯಲು ಸವಳು ಕಲಸಿದ ನೀರಿನ ಹಂಡೆಗೆ ಒಯ್ದರು. ಹೊಸ ಮನೆಗೆ ಈ ಹೊಲಸು ಬೇಡವಂತೆ. ನಾನು ಓಡಿಹೋಗಿ ಅವರ ಕೈಯಿಂದ ಕಿತ್ತುಕೊಂಡೆ. ಸೊಸೆ ಅತ್ತೆಯ ಕೈಯಿಂದ ಕಿತ್ತುಕೊಳ್ಳುವುದೆಂದರೆ ಸಣ್ಣ ಮಾತಲ್ಲ. ಅತ್ತೆ ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ಅವತ್ತೇ ಮೂಲೆ ಬಿಚ್ಚಿದೆ. ಲಕೋಟೆ ಮೆತ್ತಗಾಗಿತ್ತು, ಅರಿಶಿನದ ಕಲೆ ಹತ್ತಿತ್ತು.

ಅದನ್ನು ಒಲೆಗೆ ಹಾಕಿ ಮುಗಿಸಬಹುದಿತ್ತು. ಆಕಿ ಏನು ಬರೆದಿದ್ದಳು ಎಂದು ತಿಳಿಯಲೇಬೇಕು ಎಂಬ ಹಟ ಇನ್ನೂ ಇತ್ತು. ಸೇಡಂನಲ್ಲಿ ಓದಿಸಿದರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಚಿತ್ತಾಪುರದಲ್ಲಿ ಅಕ್ಕನ ಮನೆಯಿದೆ, ಊರು ಬಿಡುವ ಮೊದಲು ನೋಡಿ ಬರುತ್ತೇನೆ ಎಂದು ರೈಲು ಹತ್ತಿದೆ.

ಚಿತ್ತಾಪುರದ ಕೋರ್ಟಿನ ಬೇವಿನ ಮರದ ಕೆಳಗೆ ಅರ್ಜಿ ಬರೆಯುವವರು ಕೂರುತ್ತಿದ್ದರು. ಒಳಗೆ ಉರ್ದು ಬೋರ್ಡು ಇಳಿಸಿ ಕನ್ನಡದ ಬೋರ್ಡು ಏರಿಸುವ ಗದ್ದಲ. ಇಂಗ್ಲಿಷ್ ಬಲ್ಲ ಒಬ್ಬ ಮುದುಕರ ಮುಂದೆ ಕೂತು ಲಕೋಟೆ ಕೊಟ್ಟೆ. ಅವರು ಅದನ್ನು ಜೋಪಾನವಾಗಿ ಒಡೆದು ಮೊದಲು ತಮ್ಮಷ್ಟಕ್ಕೆ ಓದಿದರು.

"ಇದು ಆರು ವರ್ಷದ ಹಿಂದಿಂದು, ತಾಯಿ."

"ಹೂಂರಿ. ಏನದ ಹೇಳ್ರಿ."

"ಇವರನ್ನ ಹಳೇ ಜಹಾಜಕ್ಕೇ ಮತ್ತ ತಗೋತೀವಿ ಅಂದಾರ. ಒಂದು ತಿಂಗಳೊಳಗ ಬೊಂಬಾಯಿಗಿ ಬಂದು ಹಾಜರಾಗ್ಬೇಕು."

ನನಗೆ ಗೊತ್ತಿದ್ದದ್ದೇ. ಏಳಲು ಹೊರಟೆ.

"ಕುಂದ್ರಿ, ಇನ್ನಾ ಅದ. ಇವರು ಅರ್ಜಿಯೊಳಗ ಕೇಳಿದ್ರಂತ, ಹೆಂಡತಿ ಸಂಗಟ ಬರ್ತೀನಿ, ಇರ್ಲಿಕ್ಕ ಮನಿ ಬೇಕು, ಆಕಿನ್ನ ಬಿಟ್ಟು ಬರೂದಿಲ್ಲ ಅಂತ. ಮನಿ ಕೊಡ್ತೀವಿ ಅಂದಾರ." ಮುದುಕರು ಕಾಗದವನ್ನು ಕಣ್ಣಿನ ಹತ್ತಿರ ತಂದು ನಕ್ಕರು. "ಇನ್ನೊಂದು ಕೇಳ್ಯಾರ ನೋಡ್ರಿ, ಇಂಥಾ ಅರ್ಜಿ ನಾ ಬರದಿಲ್ಲ. ಹೆಂಡತಿಗಿ ಜಹಾಜ ತೋರಸ್ಬೇಕು, ಮ್ಯಾಲ ಕರಕೊಂಡು ಹೋಗ್ಲಿಕ್ಕ ಪರವಾನಗಿ ಕೊಡ್ರಿ ಅಂತ. ಅದಕ್ಕೂ ಹೂಂ ಅಂದಾರ. ಆಕಿ ಹೆಸರು ಸುದ್ದಾ ಬರದಾರ."

ಹೆಸರು ಓದಿದರು.

ಅತ್ತೆ ಇಟ್ಟ ಹೆಸರಲ್ಲ. ಬಚ್ಚಲ ಹತ್ತಿರ ಒಂದೇ ಸಲ ಹೇಳಿದ್ದ, ನನ್ನ ತವರಿನ ಹೆಸರು. ಅಕ್ಕ ತಂಗಿಯರೂ ಹೊಸ ಹೆಸರಿಗೆ ಒಗ್ಗಿಹೋಗಿದ್ದರು, ನಮ್ಮವ್ವ ತೀರಿದ ಮೇಲೆ ಆ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಗೊತ್ತಿಲ್ಲದ ಮುದುಕನ ಬಾಯಿಂದ ಅದು ಬಂದಾಗ ನಾನು ಹಿಂದೆ ತಿರುಗಿ ನೋಡಿದೆ.

"ಯಾರು ತಾಯಿ ಆಕಿ? ನಿಮಗೇನಾಗಬೇಕು?"

"ಗೊತ್ತಿಲ್ರಿ," ಅಂದೆ. "ಯಾರೋ ಏನೋ."

ಅಕ್ಕನ ಮನೆಗೆ ಹೋಗಲಿಲ್ಲ. ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಗಾಡಿ ಬರುವ ತನಕ ಕೂತಿದ್ದೆ. ಅಳು ಬಂತೋ ಇಲ್ಲವೋ ನೆನಪಿಲ್ಲ. ನನ್ನನ್ನು ಬಿಟ್ಟು ಹೋಗುತ್ತಾರೆ ಎಂದು ನಾನು ಹೊಲಿದಿಟ್ಟ ಕಾಗದದಲ್ಲಿ ನನ್ನನ್ನು ಬಿಟ್ಟು ಬರುವುದಿಲ್ಲ ಎಂದು ಬರೆದಿತ್ತು. ಆಕಿಗೆ ತಾನು ಬೇಡವಾದೆ ಎಂದು ಆರು ವರ್ಷ ಆ ಮನುಷ್ಯ ನಂಬಿದ್ದ. ನಂಬಿಸಿದವಳು ನಾನು.

ಮನೆಗೆ ಬಂದಾಗ ನಮ್ಮವರು ಪಡಸಾಲೆಯಲ್ಲಿ ಗಂಟುಗಳ ನಡುವೆ ಕೂತು ಹಗ್ಗ ಬಿಗಿಯುತ್ತಿದ್ದರು. ಅತ್ತೆ ಅಲ್ಲೇ ಇದ್ದರು, ಇರಲಿ ಎಂದುಕೊಂಡೆ. ಕಾಗದ ಅವರ ಕೈಗೆ ಕೊಟ್ಟು, ಯಾವಾಗ ಬಂದದ್ದು, ಎಲ್ಲಿಟ್ಟಿದ್ದೆ, ಯಾಕಿಟ್ಟಿದ್ದೆ ಎಲ್ಲ ನಿಂತುಕೊಂಡೇ ಹೇಳಿದೆ. ಅವರು ಎದ್ದು ಬೆಳಕಿಗೆ ಹೋಗಿ, ಜಹಾಜದಲ್ಲಿ ಕಲಿತ ಇಂಗ್ಲಿಷಿನಲ್ಲಿ ಓದಿದರು. ಎರಡು ಸಲ ಓದಿದರು.

"ಆಕಿ ಕರದಿದ್ಳು," ಅಂದರು.

ಅಷ್ಟು ಹೇಳುವಾಗ ಅವರ ಮುಖ ನೋಡಬೇಕಿತ್ತು. ಆರು ವರ್ಷದಲ್ಲಿ ಮಗಳು ಹುಟ್ಟಿದ ದಿನ ಬಿಟ್ಟರೆ ಆ ಮುಖ ನಾನು ಕಂಡಿರಲಿಲ್ಲ. ತಪ್ಪಿತಸ್ಥಳಾಗಿ ನಿಂತ ಆ ಗಳಿಗೆಯಲ್ಲೂ ನನ್ನ ಹೊಟ್ಟೆಯಲ್ಲಿ ಹಳೆಯ ಉರಿ ಎದ್ದಿತು. ಅದಕ್ಕೆ ನಾಚಿಕೆಯೇ ಇಲ್ಲ.

"ಬೈರಿ ನನಗ. ಸುಮ್ಮನಿರಬ್ಯಾಡ್ರಿ."

ಅವರು ಕಾಗದವನ್ನು ಹಳೆಯ ಮಡಿಕೆಗೆ ಮಡಿಸಿದರು.

"ಅದರಾಗ ನನ್ನ ಹೆಸರು ಯಾಕ ಬರದ್ರಿ? ನನಗ ಯಾಕ ಹೇಳ್ಲಿಲ್ಲ?"

"ಜವಾಬ ಬರ್ಲಿ, ಆಮ್ಯಾಲ ಹೇಳಿದ್ರಾತು ಅನಕೊಂಡಿದ್ದೆ. ಇಲ್ಲ ಅಂದ್ರ ನಿನಗ ಸುಮ್ಮನ ಆಸೆ ತೋರಿಸ್ದಂಗ ಆಗ್ತಿತ್ತು." ಹಗ್ಗ ಮತ್ತೆ ಕೈಗೆತ್ತಿಕೊಂಡರು. "ಆಕಿ ಮ್ಯಾಲ ನಿನ್ನ ನಿಂದ್ರಿಸಿ ಒಂದ್ಸಲ ನೋಡ್ಬೇಕನ್ನೂದು ಭಾಳ ಇತ್ತು."

ಬೈಯಲಿಲ್ಲ. ಮುಂದೆಯೂ ಬೈಯಲಿಲ್ಲ. ಬೈದಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು.

ಶಹಾಬಾದಿನ ಮನೆಯಲ್ಲೂ ಅದೇ ಪರ್ಸಿ ಕಲ್ಲು. ಕೌದಿಯನ್ನು ಅಲ್ಲಿ ಮೊದಲ ಸಲ ಒಗೆದೆ, ಹಳೆಯ ಮೂಲೆಯಲ್ಲಿ ನಾಲ್ಕು ಕಾಳು ಜೋಳ ಇಟ್ಟು ಹೊಲಿದೆ. ಕಾಗದ ನಮ್ಮವರ ಪೆಟ್ಟಿಗೆಯಲ್ಲಿತ್ತು. ಜಹಾಜದ ಮೇಲೆ ನನಗೆ ಆಮೇಲೆ ಹೊಟ್ಟೆಕಿಚ್ಚು ಉಳಿಯಲಿಲ್ಲ, ಇದು ಆಣೆಯಿಟ್ಟು ಹೇಳುವ ಮಾತು. ಉಳಿದದ್ದು ಇನ್ನೊಬ್ಬಳ ಮೇಲೆ. ಗಂಡ ತನ್ನ ಕೈಯಾರೆ ಹೆಸರು ಬರೆದು, ಮನೆ ಕೇಳಿ, ಪರವಾನಗಿ ಕೇಳಿ ಕರೆದುಕೊಂಡು ಹೋಗಬೇಕೆಂದಿದ್ದನಲ್ಲ, ಅವಳ ಮೇಲೆ. ನನ್ನ ತವರಿನ ಹೆಸರಿನವಳು, ಆ ಕಾಗದವನ್ನು ಹೊಲಿದಿಡದೆ ಗಂಡನ ಕೈಗೆ ಕೊಟ್ಟವಳು. ಅವಳು ಬೊಂಬಾಯಿಗೆ ಹೋಗಿರಬೇಕು, ಸಮುದ್ರ ನೋಡಿರಬೇಕು, ಚಪ್ಪಲಿ ಬಿಟ್ಟು ಆ ಜಹಾಜದ ಮೇಲೆ ಗಂಡನ ಪಕ್ಕ ನಿಂತಿರಬೇಕು. ನಾನು ಇವತ್ತಿಗೂ ಸಮುದ್ರ ಕಂಡಿಲ್ಲ.